ಹಿರಿಯರ ನೆನಪೂ ನಮ್ಮ ಮನೆತನಗಳೂ

ಈ ಶತಮಾನೋತ್ಸವ ಸಂಚಿಕೆಗಾಗಿ ಧರ್ಮಕೇಂದ್ರದ ಹಳೆಯ ಮನೆತನಗಳ ವಂಶಾವಳಿಯನ್ನು ಬರೆಯಲು ಹೊರಟಾಗ, ಹಿರಿಯರ ಜಗಲಿಯಲ್ಲಿ ನಾಲ್ಕು ಸಂಜೆ ಕುಳಿತರೆ ಸಾಕೆಂದು ನಾವು ಭಾವಿಸಿದ್ದೆವು. ಊರಿನ ಹೆಸರಿನಲ್ಲಿಯೇ ಅಜ್ಜನಿರುವ ಅಜ್ಜಾವರದಲ್ಲಿ ಅಜ್ಜಂದಿರನ್ನು ಹುಡುಕುವುದು ಇಷ್ಟು ಕಷ್ಟವೆಂದು ಆಗ ತಿಳಿದಿರಲಿಲ್ಲ!

ಮೊದಲ ತೊಡಕು ಹೆಸರುಗಳದು. ಚೊಚ್ಚಲ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ನಮ್ಮವರ ಸಂಪ್ರದಾಯ. ಆದುದರಿಂದ ಒಂದು ತಲೆಮಾರು ಬಿಟ್ಟು ಅದೇ ಜುವಾಂವ್ ಮರಳಿ ಬರುತ್ತಾನೆ. ಮುದುಕರ ನೆನಪಿನಲ್ಲಿ ಮೂವರು ಜುವಾಂವರು ಸೇರಿ ಒಬ್ಬನಾಗುತ್ತಾರೆ. ತೊಂಬತ್ತು ದಾಟಿದ ಹಿರಿಯರೊಬ್ಬರು, ತಮ್ಮ ಅಜ್ಜನೇ ಶ್ರೀರಂಗಪಟ್ಟಣದ ಸೆರೆಯಿಂದ ಬಂದವರೆಂದು ಆಣೆಯಿಟ್ಟು ಹೇಳಿದರು. 1784ರ ವಿಭೂತಿ ಬುಧವಾರದಂದು ಕೆನರಾದ ಕ್ರೈಸ್ತರು ಸೆರೆಯಾದುದೂ, 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಬದುಕುಳಿದವರು ಮರಳಿದುದೂ ನಿಜ. ಆದರೆ ಲೆಕ್ಕ ಹಾಕಿದರೆ ನಡುವಿನ ಎರಡು ಮೂರು ತಲೆಮಾರುಗಳೇ ಕಾಣೆಯಾಗಿವೆ. ದೇವಾಲಯಗಳು ಅಂದು ನೆಲಸಮವಾದುದರಿಂದ, ಅದಕ್ಕೂ ಹಿಂದಿನ ಸಂಗತಿಯನ್ನು ಜ್ಞಾನಸ್ನಾನದ ಪುಸ್ತಕ ನೋಡಿ ತಿದ್ದುವುದೂ ದುಸ್ತರ.

ಗಂಡಸರಿಗೆ ಗೇಣಿ, ವ್ಯಾಜ್ಯಗಳ ನೆನಪು ಹೆಚ್ಚು. ಯಾರ ಮಗಳು ಯಾವ ಮನೆಗೆ ಹೋದಳೆಂಬುದನ್ನು ಹೇಳಬಲ್ಲವರು ಅಜ್ಜಿಯಂದಿರೇ. ಇಬ್ಬರು ಅಜ್ಜಿಯರು ಅಕ್ಕತಂಗಿಯರಾಗಿದ್ದರೆ ಅವರ ಮೊಮ್ಮಕ್ಕಳ ವಿವಾಹಕ್ಕೆ 1983ಕ್ಕೆ ಮುಂಚಿನ ಧರ್ಮಸಭೆಯ ಕಾನೂನಿನಲ್ಲಿ ಅಡ್ಡಿಯಿತ್ತು. ಆದಕಾರಣ ಹಳೆಯ ವಿವಾಹ ಪುಸ್ತಕದಲ್ಲಿ ವಿನಾಯಿತಿಯ ಸಾಲೊಂದು ಕಂಡರೆ ನಮಗೆ ನಿಧಿ ಸಿಕ್ಕಿದಂತೆ: ಅಜ್ಜಿ ಹೇಳಿದ ನಂಟು ಅಲ್ಲಿ ರುಜುವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವು ತಪ್ಪಿದೆವು. “ಪಾದ್ರ್ಯಾಬ್, ನಾವು ಪುತ್ತೂರಿನ ಕಡೆಯವರಲ್ಲ, ಘಟ್ಟ ಇಳಿದು ಬಂದವರು” ಎಂದು ಅಜ್ಜಾವರದ ಒಬ್ಬ ಅಜ್ಜಿ ಹೇಳಿದಾಗ, ವಯಸ್ಸಿನ ಮರವೆಯೆಂದು ನಾವು ನಕ್ಕುಬಿಟ್ಟೆವು. ನಮ್ಮ ಪೂರ್ವಿಕರೆಲ್ಲರೂ ಪಡುವಣದಿಂದಲೇ ಬಂದವರೆಂದು ನಂಬಿದ್ದೆವಲ್ಲ! ಆಮೇಲೆ ಯೋಚಿಸಿದೆವು. ಸೆರೆಯಿಂದ ತಪ್ಪಿಸಿಕೊಂಡ ಕ್ರೈಸ್ತರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯವಿತ್ತರು. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಸ್ಥಾಪನೆಯಾಯಿತು. ನಮ್ಮ ಅಮರ ಸುಳ್ಯವೂ 1834ರವರೆಗೆ ಕೊಡಗಿನ ಅರಸರ ಸೀಮೆಯೇ. ಹಾಗಿರುವಾಗ ಒಂದು ಸಂಸಾರ ಅರಸರ ಸೀಮೆಯೊಳಗೇ ಘಟ್ಟ ಇಳಿದು ಬಂದಿರುವುದು ಅಸಂಭವವೇ?

ಮತ್ತೆ ಹೋಗಿ, ಅವರ ಅಜ್ಜಿಯ ತವರು ಯಾವುದೆಂದು ಕೇಳಬೇಕೆಂದಿದ್ದೆವು. ತೆನೆಹಬ್ಬದ ಗಡಿಬಿಡಿ ಕಳೆಯಲೆಂದು ಮುಂದೂಡಿದೆವು. ಜಪಮಾಲೆಯ ತಿಂಗಳಲ್ಲಿ ಅವರನ್ನು ಮಣ್ಣು ಮಾಡಿದೆವು. ಮಕ್ಕಳನ್ನು ವಿಚಾರಿಸಿದರೆ, “ಅಮ್ಮ ಏನೋ ಹೇಳುತ್ತಿದ್ದರು, ನಾವು ಕಿವಿಗೊಡಲಿಲ್ಲ” ಎಂದರು. ನಾವೂ ಕೊಟ್ಟಿರಲಿಲ್ಲವಷ್ಟೆ. ಮುಂದಿನ ಪುಟಗಳ ವಂಶಾವಳಿಯಲ್ಲಿ ಆ ಮನೆತನದ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇವೆ.