ನಮ್ಮ ಫೋಟೊ ಯಾರದು? ಟೇಲರ್ ಸಾಹೇಬನ ಕಾಲದಿಂದ ಸ್ಟೇಟಸ್‌ವರೆಗೆ

ಮದುವೆ ಮುಗಿದು ಹಂದರ ಬಿಚ್ಚುವ ಮೊದಲೇ ಮದುಮಗಳ ಫೋಟೊ ಸ್ಟುಡಿಯೋದವರ ಇನ್‌ಸ್ಟಾಗ್ರಾಂನಲ್ಲಿ ಬಂದಿರುತ್ತದೆ. ಯಾದಗಿರಿ, ಶಹಾಪುರ, ಸುರಪುರ, ಎಲ್ಲಿ ನೋಡಿದರೂ ಈಗ ಇದೇ. ಸ್ಟುಡಿಯೋದವರಿಗೆ ಅದು ಜಾಹೀರಾತು. ನಾಲ್ಕು ಜನ ನೋಡಿದರೆ ಮುಂದಿನ ಆರ್ಡರ್ ಬರುತ್ತದೆ. ಆದರೆ ಹಾಕುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕೋ ಬೇಡವೋ? ಈ ಪ್ರಶ್ನೆ ಮೊಬೈಲಿಗಿಂತ ಹಳೆಯದು. ನಮ್ಮ ಭಾಗದ ಇತಿಹಾಸದಲ್ಲೇ ಇದಕ್ಕೆ ಎರಡು ಬಗೆಯ ಉತ್ತರಗಳಿವೆ.

ಮೊದಲನೆಯದು ಕೇಳದೆ ಹಂಚಿದ ಕಥೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನಿಮಗೆ ಗೊತ್ತು. ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದಾಗ ಕ್ಯಾಮೆರಾ ಲೋಕಕ್ಕೆ ಪರಿಚಯವಾಗಿ ಎರಡೇ ವರ್ಷವಾಗಿತ್ತು. ಇಂಗ್ಲೆಂಡಿಗೆ ಮರಳಿದ ಮೇಲೆ ಅವನು ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥಮಾಲೆಗೆ ಬರಹ ಒದಗಿಸಿದವರಲ್ಲಿ ಒಬ್ಬನಾದ. 1868ರಿಂದ 1875ರವರೆಗೆ ಬಂದ ಈ 8 ಸಂಪುಟಗಳಲ್ಲಿ ಭಾರತೀಯರ 400ಕ್ಕೂ ಹೆಚ್ಚು ಫೋಟೊಗಳಿವೆ. ಅನೇಕ ಫೋಟೊಗಳಿಗೆ ವ್ಯಕ್ತಿಯ ಹೆಸರಿಲ್ಲ, ಜಾತಿಯ ಹೆಸರಿದೆ. ಇಂಥ ಜಾತಿಯವರ ಗುಣ ಇಂಥದ್ದು ಎಂಬ ತೀರ್ಪೂ ಕೆಲವೆಡೆ ಇದೆ.

1869ರಲ್ಲಿ ಲಂಡನ್ನಿಗೆ ಹೋಗಿದ್ದ ಸರ್ ಸೈಯದ್ ಅಹ್ಮದ್ ಖಾನ್ ಈ ಪುಸ್ತಕ ನೋಡಿ ನೊಂದುಕೊಂಡರು. ಅದನ್ನು ತಿರುವಿ ಹಾಕುತ್ತಿದ್ದ ಅವರ ಮಗನನ್ನು ಒಬ್ಬ ಇಂಗ್ಲಿಷ್ ಯುವಕ ‘ನೀನೂ ಹಿಂದೂಸ್ತಾನಿಯೇ?’ ಎಂದು ಕೇಳಿದಾಗ ಹುಡುಗನ ಮುಖ ಕೆಂಪೇರಿತಂತೆ. ಯಾರದೋ ಫೋಟೊ, ಎಲ್ಲೋ ತೆಗೆದದ್ದು, ಅವಮಾನ ಇನ್ನೊಬ್ಬರಿಗೆ.

ಎರಡನೆಯದು ಹೈದರಾಬಾದಿನ ಕಥೆ. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಫೋಟೊಗ್ರಾಫರ್ ರಾಜಾ ದೀನ್‌ದಯಾಳ್. ಕೋಟೆ, ಅರಮನೆ, ಊರುಗಳ ಫೋಟೊಗಳನ್ನು ಅವರು ಧಾರಾಳವಾಗಿ ಮಾರುತ್ತಿದ್ದರು. ಆದರೆ ಪರದೆಯ ಹೆಂಗಸರ ವಿಷಯಕ್ಕೆ ಬಂದಾಗ ಬೇರೆ ದಾರಿ ಹಿಡಿದರು. 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ, ಒಳಗೆ ಕೆಲಸಕ್ಕೆಲ್ಲ ಹೆಂಗಸರೇ. ಮೇಲ್ವಿಚಾರಣೆ ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯದು.

ದೀನ್‌ದಯಾಳ್ ಮಾಡಿದ್ದೂ ವ್ಯಾಪಾರವೇ. ಆದರೆ ‘ನನ್ನನ್ನು ಯಾರು ನೋಡುತ್ತಾರೆ?’ ಎಂಬ ಗಿರಾಕಿಯ ಆತಂಕಕ್ಕೆ ಫೋಟೊ ತೆಗೆಯುವ ಮೊದಲೇ ಉತ್ತರ ಕೊಟ್ಟರು. ಆ ನಂಬಿಕೆ ಇಲ್ಲದಿದ್ದರೆ ಆ ಹೆಂಗಸರು ಕ್ಯಾಮೆರಾ ಮುಂದೆ ಕೂರುತ್ತಲೇ ಇರಲಿಲ್ಲ.

ಇಂದು ಕಾನೂನೂ ಗಿರಾಕಿಯ ಪರವಾಗಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ನೀವು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ನೀವೇ. ಬೇರೆ ಕರಾರು ಮಾಡಿಕೊಂಡಿದ್ದರೆ ಮಾತ್ರ ಮಾತು ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು.

ಹಳ್ಳಿಯಲ್ಲಿ ಇದರ ಬಿಸಿ ತಟ್ಟುವುದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ. ನಿಶ್ಚಿತಾರ್ಥ ಮುರಿದರೂ ಫೋಟೊ ಉಳಿಯುತ್ತದೆ. ಒಮ್ಮೆ ಹಂಚಿದ್ದು ಎಷ್ಟು ಮೊಬೈಲ್ ಸೇರಿತೆಂದು ಲೆಕ್ಕ ಇಡುವವರಿಲ್ಲ.

ಸ್ಟುಡಿಯೋ ನಡೆಸುವ ಅಣ್ಣಂದಿರು ರಸೀದಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ‘ಫೋಟೊ ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಂಗೆ ಹಾಕಬಹುದೇ? ಹೌದು / ಬೇಡ.’ ಉತ್ತರವನ್ನು ಹಣ ಕೊಡುವ ಹಿರಿಯರಿಂದಷ್ಟೇ ಅಲ್ಲ, ಫೋಟೊದಲ್ಲಿರುವ ಹುಡುಗಿಯಿಂದಲೂ ಕೇಳಿ. ಗಿರಾಕಿಗಳೂ ಅಷ್ಟೆ: ಮುಂಗಡ ಕೊಡುವಾಗ ರಸೀದಿಯಲ್ಲಿ ಆ ಸಾಲು ಇಲ್ಲದಿದ್ದರೆ ನೀವೇ ಬರೆಸಿಕೊಳ್ಳಿ.