ಟೆಂಪಲ್ ಮೇಷ್ಟ್ರ ಹುಡುಗಿಯರು

1960ರ ರೋಮ್ ಒಲಿಂಪಿಕ್ಸ್‌ನ ಫಲಿತಾಂಶ ಪಟ್ಟಿಯಲ್ಲಿ ಮಹಿಳೆಯರ 4x100 ಮೀಟರ್ ರಿಲೇ ಎದುರು ಅಮೆರಿಕ, 44.5 ಸೆಕೆಂಡ್ ಎಂದಿದೆ. ಓಡಿದವರು ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್ ಮತ್ತು ವಿಲ್ಮಾ ರುಡಾಲ್ಫ್. ಎದೆಯ ಮೇಲೆ ದೇಶದ ಹೆಸರಿತ್ತು, ನಿಜ. ಆದರೆ ನಾಲ್ವರೂ ಒಂದೇ ಕಾಲೇಜಿನವರು, ಒಬ್ಬರೇ ಮೇಷ್ಟ್ರ ಕೈಕೆಳಗೆ ತಯಾರಾದವರು. ಅದಕ್ಕೂ ನಾಲ್ಕು ವರ್ಷ ಹಿಂದೆ ಮೆಲ್ಬರ್ನ್‌ನಲ್ಲಿ ಇದೇ ರಿಲೇಯಲ್ಲಿ ಕಂಚು ಗೆದ್ದ ನಾಲ್ವರೂ ಅದೇ ಮೇಷ್ಟ್ರ ಹುಡುಗಿಯರೇ. ಅಷ್ಟು ದೊಡ್ಡ ದೇಶದ ರಿಲೇ ತಂಡವನ್ನು ಎರಡು ಒಲಿಂಪಿಕ್ಸ್‌ಗಳಲ್ಲಿ ಒಂದು ಕಾಲೇಜು ಇಡಿಯಾಗಿ ಹೊತ್ತಿತ್ತು. ಅಮೆರಿಕದ ದಕ್ಷಿಣದಲ್ಲಿ, ನ್ಯಾಶ್‌ವಿಲ್ ನಗರದಲ್ಲಿರುವ ಟೆನ್ನೆಸಿ ಸ್ಟೇಟ್ ಎಂಬ ಕಪ್ಪು ಜನರ ವಿಶ್ವವಿದ್ಯಾಲಯ ಅದು. ಅಲ್ಲಿನ ಓಟಗಾರ್ತಿಯರ ಬಳಗಕ್ಕೆ ಟೈಗರ್‌ಬೆಲ್ಸ್ ಎಂದು ಹೆಸರು.

ದಾಖಲೆಗಳನ್ನು ಕೊಂಡಾಡುವಾಗ ನಾವು ಸಾಮಾನ್ಯವಾಗಿ ಒಂಟಿ ಹೆಸರುಗಳನ್ನು ಹಿಡಿದುಕೊಳ್ಳುತ್ತೇವೆ. ವಿಲ್ಮಾ ರುಡಾಲ್ಫ್ ಹೆಸರನ್ನು ನಮ್ಮಲ್ಲೂ ಬಹಳ ಮಂದಿ ಕೇಳಿದ್ದಾರೆ. ಪೋಲಿಯೊ ಬಡಿದ ಮಗು ಜಗತ್ತಿನ ಅತಿ ವೇಗದ ಹೆಣ್ಣಾದ ಕಥೆಯನ್ನು ಶಾಲೆಯ ಭಾಷಣಗಳಲ್ಲಿ ಹೇಳುವುದುಂಟು. ಆ ಕಥೆ ನಿಜವೇ. ಆದರೆ ಆಕೆಯ ಮುಂದೆ ಓಡಿದ ಅಕ್ಕಂದಿರು, ಹಿಂದೆ ಬಂದ ತಂಗಿಯರು, ಇವರೆಲ್ಲರನ್ನೂ ಕಟ್ಟಿ ನಿಲ್ಲಿಸಿದ ಒಬ್ಬ ಮೇಷ್ಟ್ರು ಆ ಭಾಷಣಗಳಲ್ಲಿ ಬರುವುದೇ ಇಲ್ಲ. ಈ ಸಂಚಿಕೆಯಲ್ಲಿ ಅವರೆಲ್ಲರನ್ನೂ ಒಟ್ಟಿಗೆ ನೆನೆಯಬೇಕೆಂಬುದು ನನ್ನ ಆಸೆ.

ಟೆನ್ನೆಸಿ ಸ್ಟೇಟ್‌ಗೂ ಮುಂಚೆ ಅಲಬಾಮಾದ ಟಸ್ಕೀಗಿ ಸಂಸ್ಥೆ ಇತ್ತು. ಕ್ಲೀವ್‌ಲೆಂಡ್ ಅಬಟ್ ಎಂಬ ಕೋಚ್ ಅಲ್ಲಿ 1930ರ ದಶಕದಿಂದಲೇ ಕಪ್ಪು ಹುಡುಗಿಯರ ಅಥ್ಲೆಟಿಕ್ಸ್ ತಂಡ ಕಟ್ಟಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ಆಲಿಸ್ ಕೋಚ್‌ಮನ್ ಟಸ್ಕೀಗಿಯ ಹೆಸರನ್ನು ಜಗತ್ತಿಗೆ ತಿಳಿಸಿದಳು. ಅದೇ ಕೂಟದ 200 ಮೀಟರ್ ಓಟದಲ್ಲಿ ಕಂಚು ಪಡೆದ ಆಡ್ರಿ ಪ್ಯಾಟರ್ಸನ್ ಟೆನ್ನೆಸಿ ಸ್ಟೇಟ್‌ನಲ್ಲಿ ಓದುತ್ತಿದ್ದವಳು. ಹೆಣ್ಣುಮಕ್ಕಳು ಓಡಿದರೆ ಮೈಕಟ್ಟು ಕೆಡುತ್ತದೆ ಎಂಬ ಮಾತು ಆಗ ಅಮೆರಿಕದಲ್ಲಿ ಧಾರಾಳವಾಗಿ ಚಾಲ್ತಿಯಲ್ಲಿತ್ತು. ಅದನ್ನು ಕಿವಿಗೆ ಹಾಕಿಕೊಳ್ಳದೆ ಹುಡುಗಿಯರಿಗೆ ಟ್ರ್ಯಾಕ್ ಬಿಟ್ಟುಕೊಟ್ಟವು ಇಂಥ ಬಡ ಕಾಲೇಜುಗಳು.

ಎಡ್ ಟೆಂಪಲ್ ಹುಟ್ಟಿದ್ದು 1927ರಲ್ಲಿ, ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನಲ್ಲಿ. ಟೆನ್ನೆಸಿ ಸ್ಟೇಟ್‌ಗೆ ಓದಲು ಬಂದವರು ಅಲ್ಲೇ ಉಳಿದರು. 1950ರ ದಶಕದ ಮೊದಲ ವರ್ಷಗಳಲ್ಲಿ ಹುಡುಗಿಯರ ತಂಡದ ಹೊಣೆ ಅವರ ಹೆಗಲಿಗೆ ಬಂತು. ಆರಂಭದ ಸಂಬಳ ತಿಂಗಳಿಗೆ 150 ಡಾಲರ್. ಜೊತೆಗೆ ಕ್ಯಾಂಪಸ್ಸಿನ ಅಂಚೆ ಕಚೇರಿಯನ್ನೂ ನೋಡಿಕೊಳ್ಳಬೇಕಿತ್ತು. ತರಗತಿಯಲ್ಲಿ ಸಮಾಜಶಾಸ್ತ್ರದ ಪಾಠವನ್ನೂ ಮಾಡಿದರು. ಹಾಗಾಗಿ ಕೋಚ್ ಎನ್ನುವುದಕ್ಕಿಂತ ಮೇಷ್ಟ್ರು ಎಂದರೇ ಅವರಿಗೆ ಒಪ್ಪುತ್ತದೆ.

ಅವರ ಕೈಗೆ ಸಿಕ್ಕಿದ್ದು ಗೆರೆಗಳೇ ಇಲ್ಲದ ಒಂದು ಮಣ್ಣಿನ ಟ್ರ್ಯಾಕ್. ಅದಕ್ಕೆ ಲೇನ್‌ಗಳ ಗೆರೆ ಬಿದ್ದದ್ದು ಮೇಷ್ಟ್ರ ಸ್ವಂತ ದುಡ್ಡಿನಿಂದ. ದೂರದ ಕೂಟಗಳಿಗೆ ಹುಡುಗಿಯರನ್ನು ಕರೆದೊಯ್ಯುತ್ತಿದ್ದದ್ದೂ ಅವರ ಸ್ವಂತ ಕಾರಿನಲ್ಲಿ. ಬಿಳಿಯರಿಗೂ ಕಪ್ಪು ಜನರಿಗೂ ಎಲ್ಲವೂ ಬೇರೆ ಬೇರೆಯಾಗಿದ್ದ ಕಾಲ ಅದು. ದಕ್ಷಿಣದ ಹೆದ್ದಾರಿಗಳ ಹೋಟೆಲ್‌ಗಳಲ್ಲಿ ಈ ಹುಡುಗಿಯರಿಗೆ ತಟ್ಟೆ ಇಡುವವರಿರಲಿಲ್ಲ, ಪೆಟ್ರೋಲ್ ಬಂಕಿನ ಶೌಚಾಲಯದ ಬಾಗಿಲು ತೆರೆಯುತ್ತಿರಲಿಲ್ಲ. ಹಾಗಾಗಿ ಊಟದ ಪೊಟ್ಟಣ ಕಟ್ಟಿಕೊಂಡೇ ಹೊರಡಬೇಕು. ದಾರಿಯಲ್ಲಿ ಅವಸರವಾದರೆ ಕಾರು ನಿಲ್ಲಿಸಿ ಹೊಲಕ್ಕೆ ಹೋಗಬೇಕು. ಹಾಗೆ ನೂರಾರು ಮೈಲಿ ಹೋದವರು ಕಾರಿನಿಂದ ಇಳಿದು, ಕಾಲು ಕೊಡವಿಕೊಂಡು, ರಾಷ್ಟ್ರೀಯ ಕೂಟದಲ್ಲಿ ಗೆದ್ದು ಬರುತ್ತಿದ್ದರು. 1955ರಲ್ಲಿ ಟೈಗರ್‌ಬೆಲ್ಸ್ ಮೊದಲ ಬಾರಿಗೆ ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದರು. ಆಮೇಲೆ ಆ ಪ್ರಶಸ್ತಿ ಅವರ ಮನೆಯ ಸೊತ್ತೇ ಆಗಿಹೋಯಿತು.

ಓಡುವುದಕ್ಕೆಂದು ವಿದ್ಯಾರ್ಥಿವೇತನ ಇರಲಿಲ್ಲ. ದಿನಕ್ಕೆರಡು ಗಂಟೆ ಕ್ಯಾಂಪಸ್ಸಿನಲ್ಲಿ ಏನಾದರೊಂದು ಕೆಲಸ ಮಾಡಿ ಫೀಸು ತೀರಿಸಬೇಕಿತ್ತು. ಓದು, ಕೆಲಸ, ಓಟ ಮೂರೂ ನಡೆಯಬೇಕು. ಇದರ ಮೇಲೆ ಮೇಷ್ಟ್ರ ಕಟ್ಟುನಿಟ್ಟು ಬೇರೆ. ಅಭ್ಯಾಸಕ್ಕೆ ಒಂದು ನಿಮಿಷ ತಡವಾದರೆ ಒಂದು ಸುತ್ತು ಹೆಚ್ಚು ಓಡಬೇಕು. ಒಂದು ಬೆಳಗ್ಗೆ ವಿಲ್ಮಾ ಎಚ್ಚರವಾಗದೆ ಅರ್ಧ ಗಂಟೆ ತಡವಾಗಿ ಬಂದಳು. ಮೂವತ್ತು ಸುತ್ತು ಓಡಿಸಿದರು. ಮರುದಿನ ಮೇಷ್ಟ್ರು ಬರುವಷ್ಟರಲ್ಲಿ ಆಕೆ ಟ್ರ್ಯಾಕಿನ ಪಕ್ಕ ಕೂತಿದ್ದಳು, ಅರ್ಧ ಗಂಟೆ ಮುಂಚೆಯೇ. ಈ ಪ್ರಸಂಗ ನನಗೆ ಬಹಳ ಇಷ್ಟ. ಹುಡುಗಿಯ ಹಟ, ಮೇಷ್ಟ್ರ ಹಟ ಎರಡೂ ಅದರಲ್ಲಿವೆ.

ವಿಲ್ಮಾಳ ಬಾಲ್ಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಟೆನ್ನೆಸಿಯ ಕ್ಲಾರ್ಕ್ಸ್‌ವಿಲ್ ಬಳಿ 1940ರ ಜೂನ್ 23ರಂದು ಹುಟ್ಟಿದವಳು. ತಂದೆಯ ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತನೆಯವಳು. ಪೋಲಿಯೊದಿಂದ ಎಡಗಾಲು ಸೋತಿತ್ತು. ಊರಿನಲ್ಲಿ ಕಪ್ಪು ಜನರಿಗೆ ಸರಿಯಾದ ಚಿಕಿತ್ಸೆ ಇರಲಿಲ್ಲ. ತಾಯಿ ಬ್ಲಾಂಚ್ ಮಗಳನ್ನು ಬಸ್ಸಿನಲ್ಲಿ ಸುಮಾರು 80 ಕಿಲೋಮೀಟರ್ ದೂರದ ನ್ಯಾಶ್‌ವಿಲ್‌ನ ಮೆಹ್ಯಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅಮ್ಮ, ಅಕ್ಕ, ಅಣ್ಣಂದಿರು ಸರದಿಯಂತೆ ದಿನಕ್ಕೆ ನಾಲ್ಕು ಸಲ ಆ ಕಾಲನ್ನು ತಿಕ್ಕುತ್ತಿದ್ದರು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಕಾಲಿನ ಕಬ್ಬಿಣದ ಪಟ್ಟಿ ಕಳಚಿತು. ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವಳ ಓಟ ಟೆಂಪಲ್ ಕಣ್ಣಿಗೆ ಬಿತ್ತು. ಬೇಸಿಗೆ ಶಿಬಿರಕ್ಕೆ ಬಾ ಎಂದರು.

ಅಲ್ಲಿ ಆಕೆಗೆ ಒಬ್ಬ ಅಕ್ಕ ಸಿಕ್ಕಳು. ಮೇ ಫ್ಯಾಗ್ಸ್. 1948ರಲ್ಲೇ ಒಲಿಂಪಿಕ್ಸ್ ಕಂಡವಳು, 1952ರ ಹೆಲ್ಸಿಂಕಿ ರಿಲೇಯಲ್ಲಿ ಚಿನ್ನ ಗೆದ್ದವಳು, ಎತ್ತರದಲ್ಲಿ ಐದಡಿಯ ಆಸುಪಾಸಿನ ಪುಟ್ಟ ಆಳು. ಅವಳ ಪಕ್ಕದಲ್ಲಿ ವಿಲ್ಮಾ ಉದ್ದ ಕಾಲಿನ ಸಂಕೋಚದ ಹುಡುಗಿ. 1956ರ ಆಯ್ಕೆ ಸ್ಪರ್ಧೆಯಲ್ಲಿ ಫ್ಯಾಗ್ಸ್ ಈ ಹುಡುಗಿಗೆ ಧೈರ್ಯ ತುಂಬಿ, ನನ್ನ ಬೆನ್ನು ಬಿಡಬೇಡ ಎಂದು ಹೇಳಿ ಜೊತೆಯಲ್ಲೇ ಓಡಿಸಿದಳು. ತಂಡದಲ್ಲಿ ತನ್ನದೇ ಜಾಗಕ್ಕೆ ಪೈಪೋಟಿಯಾಗಬಹುದಾದವಳನ್ನು ಕೈಹಿಡಿದು ತರುವುದಕ್ಕೆ ದೊಡ್ಡ ಮನಸ್ಸು ಬೇಕು. ಆ ವರ್ಷ ಮೆಲ್ಬರ್ನ್‌ಗೆ ಫ್ಯಾಗ್ಸ್, ಮಾರ್ಗರೆಟ್ ಮ್ಯಾಥ್ಯೂಸ್, ವಿಲ್ಮಾ, ಇಸಬೆಲ್ ಡೇನಿಯಲ್ಸ್ ರಿಲೇ ತಂಡವಾಗಿ ಹೋದರು. ಕಂಚಿನೊಂದಿಗೆ ಬಂದಾಗ ವಿಲ್ಮಾಳಿಗೆ ಹದಿನಾರು ವರ್ಷ. ಅದೇ ಕೂಟದಲ್ಲಿ ಉದ್ದ ಜಿಗಿತದ ಬೆಳ್ಳಿ ಗೆದ್ದ ವಿಲ್ಲೀ ವೈಟ್ ಕೂಡ ಟೆಂಪಲ್ ಶಿಬಿರದಲ್ಲಿ ಪಳಗಿದವಳು, ಅವಳಿಗೂ ಹದಿನಾರೇ. ಮ್ಯಾಥ್ಯೂಸ್ ಎರಡು ವರ್ಷ ಬಿಟ್ಟು, 1958ರಲ್ಲಿ, 20 ಅಡಿ ದಾಟಿ ಜಿಗಿದ ಮೊದಲ ಅಮೆರಿಕನ್ ಮಹಿಳೆಯಾದಳು.

1960ರ ಜುಲೈ 9ರಂದು ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ ವಿಲ್ಮಾ 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿದಳು. ಹೆಣ್ಣೊಬ್ಬಳು 23 ಸೆಕೆಂಡಿನ ಕೆಳಗೆ ಇಳಿದದ್ದು ಅದೇ ಮೊದಲು. ರೋಮ್‌ನಲ್ಲಿ ಅಮೆರಿಕದ ಮಹಿಳಾ ತಂಡಕ್ಕೆ ಟೆಂಪಲ್ ಅವರೇ ಕೋಚ್. 100 ಮೀಟರ್ ಸೆಮಿಫೈನಲ್‌ನಲ್ಲಿ ವಿಲ್ಮಾ 11.3 ಸೆಕೆಂಡಿನೊಂದಿಗೆ ವಿಶ್ವದಾಖಲೆ ಸರಿಗಟ್ಟಿದಳು. ಫೈನಲ್‌ನಲ್ಲಿ 11.0. ಆದರೆ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮಿತಿಯನ್ನು ಮೀರಿದ್ದರಿಂದ ಆ ಸಮಯ ದಾಖಲೆಯಾಗಲಿಲ್ಲ. ಗೆಲುವಿನ ಅಂತರ ಕಂಡವರಿಗೆ ಗಾಳಿಯ ಲೆಕ್ಕ ಬೇಕಿರಲಿಲ್ಲ. 200 ಮೀಟರ್ ಚಿನ್ನವೂ ಆಕೆಗೇ.

ಉಳಿದದ್ದು ರಿಲೇ. ಸೆಮಿಫೈನಲ್‌ನಲ್ಲೇ 44.4 ಸೆಕೆಂಡ್ ಓಡಿ ನಾಲ್ವರೂ ವಿಶ್ವದಾಖಲೆ ಬರೆದಿದ್ದರು. ಫೈನಲ್‌ನಲ್ಲಿ ಹಡ್ಸನ್, ಜೋನ್ಸ್, ವಿಲಿಯಮ್ಸ್ ಚೆನ್ನಾಗಿಯೇ ಓಡಿದರು. ಕೊನೆಯ ಕೈಬದಲಿನಲ್ಲಿ ಎಡವಟ್ಟಾಯಿತು. ವಿಲಿಯಮ್ಸ್ ಚಾಚಿದ ಬ್ಯಾಟನ್ ವಿಲ್ಮಾಳ ಅಂಗೈಗೆ ಸರಿಯಾಗಿ ಕೂರಲಿಲ್ಲ. ಅದು ಜಾರಿ ಬಿದ್ದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ವಿಲ್ಮಾ ಓಟ ತಡೆದು, ಬ್ಯಾಟನ್ ಭದ್ರವಾಗಿ ಹಿಡಿದುಕೊಂಡೇ ಹೊರಟಳು. ಅಷ್ಟರಲ್ಲಿ ಜರ್ಮನಿಯ ಜುಟಾ ಹೈನ ಮುಂದೆ ಹೋಗಿಯಾಗಿತ್ತು. 200 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ಎತ್ತರದ ಓಟಗಾರ್ತಿ ಆಕೆ. ಹಿಂದೆ ಹಾಕುವುದು ಹುಡುಗಾಟವಲ್ಲ. ನೇರ ಹಾದಿಗೆ ಬಂದ ಮೇಲೆ ವಿಲ್ಮಾ ಒಂದೊಂದೇ ಹೆಜ್ಜೆಯ ಬಾಕಿ ತೀರಿಸುತ್ತಾ ಹೋಗಿ ಗೆರೆಯ ಮುಂಚೆ ಆಕೆಯನ್ನು ದಾಟಿದಳು. ಒಂದೇ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಎಂದು ಪತ್ರಿಕೆಗಳು ಬರೆದವು. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಹೋಗುವುದು ಬ್ಯಾಟನ್ ಜಾರಲಿದ್ದ ಆ ಗಳಿಗೆಗೆ. ಮಣ್ಣಿನ ಟ್ರ್ಯಾಕಿನಲ್ಲಿ ವರ್ಷಾನುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದವರಾದ್ದರಿಂದಲೇ ಅಂಥ ಹೊತ್ತಿನಲ್ಲೂ ಇಬ್ಬರೂ ಗಾಬರಿಯಾಗಲಿಲ್ಲ ಎಂದು ನಾನು ನಂಬಿದ್ದೇನೆ.

ಕ್ಲಾರ್ಕ್ಸ್‌ವಿಲ್ ಊರು ಆಕೆಗೆ ಮೆರವಣಿಗೆ, ಔತಣ ಏರ್ಪಡಿಸಲು ಹೊರಟಿತು. ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ ಎನ್ನುವಂತಿದ್ದರೆ ನಾನು ಬರುವುದಿಲ್ಲ ಎಂದು ಇಪ್ಪತ್ತರ ವಿಲ್ಮಾ ಹೇಳಿದಳು. ಊರು ಬಗ್ಗಿತು. 1960ರ ಅಕ್ಟೋಬರ್ 4ರಂದು ಇಡೀ ಊರು ಬಣ್ಣದ ಬೇಲಿ ಇಲ್ಲದೆ ಸೇರಿದ್ದು ಆ ಊರಿನ ಇತಿಹಾಸದಲ್ಲೇ ಮೊದಲು. ಮೂರು ಚಿನ್ನದ ಜೊತೆಗೆ ಇದನ್ನೂ ಎಣಿಸಬೇಕು.

1961ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ವಿಲ್ಮಾ 100 ಮೀಟರ್ ವಿಶ್ವದಾಖಲೆಯನ್ನು 11.2 ಸೆಕೆಂಡಿಗೆ ಇಳಿಸಿ, ಮರುವರ್ಷ ಓಟ ನಿಲ್ಲಿಸಿದಳು. ಅಷ್ಟು ಹೊತ್ತಿಗೆ ಜಾರ್ಜಿಯಾ ರಾಜ್ಯದ ಇಬ್ಬರು ಹುಡುಗಿಯರು ನ್ಯಾಶ್‌ವಿಲ್‌ನಲ್ಲಿ ತಯಾರಾಗುತ್ತಿದ್ದರು. ಅಟ್ಲಾಂಟಾದ ಎಡಿತ್ ಮೆಗ್ವಾಯರ್, ಗ್ರಿಫಿನ್ ಊರಿನ ವಯೋಮಿಯಾ ಟಾಯಸ್. ಒಂದೇ ತಂಡದ ಗೆಳತಿಯರು. 1964ರ ಟೋಕಿಯೊದಲ್ಲಿ 100 ಮೀಟರ್ ಚಿನ್ನ ಮೆಗ್ವಾಯರ್‌ಗೆ ಎಂದೇ ಎಲ್ಲರ ಎಣಿಕೆ. ಟಾಯಸ್ ಆರಂಭದ ಸುತ್ತುಗಳಲ್ಲೇ 11.2 ಸೆಕೆಂಡಿನೊಂದಿಗೆ ವಿಲ್ಮಾಳ ದಾಖಲೆ ಸರಿಗಟ್ಟಿ, ಫೈನಲ್‌ನಲ್ಲಿ ಗೆಳತಿಯನ್ನು ಹಿಂದೆ ಹಾಕಿ ಗೆದ್ದಳು. ಮೆಗ್ವಾಯರ್‌ಗೆ ಬೆಳ್ಳಿ. 200 ಮೀಟರ್‌ನಲ್ಲಿ ಮೆಗ್ವಾಯರ್ 23.0 ಸೆಕೆಂಡಿನ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದಳು. ಅಕ್ಕನ 100 ಮೀಟರ್ ದಾಖಲೆಯನ್ನು ಸರಿಗಟ್ಟಲು ಅದೇ ಮನೆಯ ತಂಗಿಯೇ ಬೇಕಾಯಿತು.

ನಾಲ್ಕು ವರ್ಷ ಕಳೆದು ಮೆಕ್ಸಿಕೊ ನಗರ. 100 ಮೀಟರ್ ಚಿನ್ನವನ್ನು ಒಮ್ಮೆ ಗೆದ್ದವರು ಮುಂದಿನ ಒಲಿಂಪಿಕ್ಸ್‌ನಲ್ಲೂ ಉಳಿಸಿಕೊಂಡದ್ದು ಅಲ್ಲಿಯವರೆಗೆ ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ. ಮೋಡ ಕವಿದಿತ್ತು. ಎದುರಾಳಿಗಳ ಮುಖ ಬಿಗಿದಿತ್ತು. ಟಾಯಸ್ ಮಾತ್ರ ಸ್ಟಾರ್ಟಿಂಗ್ ಬ್ಲಾಕ್ ಹತ್ತಿರ ಆಗಿನ ಜನಪ್ರಿಯ ಹಾಡೊಂದಕ್ಕೆ ಹೆಜ್ಜೆ ಹಾಕುತ್ತಾ ಮೈ ಸಡಿಲಿಸಿಕೊಂಡಳು. ಗುಂಡು ಹಾರಿತು. 11.0 ಸೆಕೆಂಡ್, ವಿಶ್ವದಾಖಲೆ, ಎರಡನೇ ಸಲ ಚಿನ್ನ. ರಿಲೇಯಲ್ಲಿ ಇನ್ನೊಂದು ಚಿನ್ನ, 42.8 ಸೆಕೆಂಡಿನ ಇನ್ನೊಂದು ವಿಶ್ವದಾಖಲೆ. ಅದೇ ಕೂಟದಲ್ಲಿ ಟೆಂಪಲ್ ಶಿಷ್ಯೆ ಮ್ಯಾಡೆಲಿನ್ ಮ್ಯಾನಿಂಗ್ 800 ಮೀಟರ್ ಚಿನ್ನ ಗೆದ್ದಳು. ಕಡಿಮೆ ದೂರದ ಓಟವಷ್ಟೇ ಇವರಿಗೆ ಒಲಿದದ್ದು ಎನ್ನುವವರಿಗೆ ಅದು ಉತ್ತರ.

ಮೆಕ್ಸಿಕೊದಲ್ಲಿ ಅಮೆರಿಕದ ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕ ವೇದಿಕೆಯ ಮೇಲೆ ವರ್ಣಭೇದದ ವಿರುದ್ಧ ಮುಷ್ಟಿ ಎತ್ತಿ ನಿಂತ ಚಿತ್ರ ಜಗತ್ತಿಗೆಲ್ಲ ಗೊತ್ತು. ತಂಡದ ಬಿಳಿ ಚಡ್ಡಿ ಬಿಟ್ಟು ಕಡುನೀಲಿ ಚಡ್ಡಿಯಲ್ಲಿ ಓಡಿ ಟಾಯಸ್ ತನ್ನ ಪ್ರತಿಭಟನೆ ತೋರಿದ್ದು, ರಿಲೇ ಚಿನ್ನವನ್ನು ಕೂಟದಿಂದ ಹೊರಹಾಕಲ್ಪಟ್ಟ ಅವರಿಬ್ಬರಿಗೆ ಅರ್ಪಿಸಿದ್ದು ಬಹುಮಂದಿಗೆ ತಿಳಿಯದು. 2018ರಲ್ಲಿ ಟೈಗರ್‌ಬೆಲ್ ಹೆಸರಿನ ಆತ್ಮಕಥೆ ಬಂದ ಮೇಲಾದರೂ ಆಕೆಗೆ ಸಲ್ಲಬೇಕಾದ್ದು ಸ್ವಲ್ಪ ಸಂದಿತು. ಎರಡು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ 100 ಮೀಟರ್ ಗೆದ್ದವರ ಮಾತು ಬಂದಾಗ ಅಮೆರಿಕದ ಓಟಗಾರ ಕಾರ್ಲ್ ಲೂಯಿಸ್ ಹೆಸರು ಮೊದಲು ಬರುತ್ತದೆ. ಆತ ಅದನ್ನು ಸಾಧಿಸಿದ್ದು ಟಾಯಸ್ ಸಾಧಿಸಿ ಇಪ್ಪತ್ತು ವರ್ಷ ಕಳೆದ ಮೇಲೆ, 1988ರಲ್ಲಿ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ನಲವತ್ತು ವರ್ಷ ಮೀರಿದ ಸೇವೆಯಲ್ಲಿ ಟೆಂಪಲ್ ಮೇಷ್ಟ್ರು ನಲವತ್ತು ಮಂದಿ ಒಲಿಂಪಿಯನ್ನರನ್ನು ತಯಾರು ಮಾಡಿದರು. ಅವರು ತಂದ ಪದಕ 23, ಅದರಲ್ಲಿ ಚಿನ್ನ 13. ಆದರೆ ಮೇಷ್ಟ್ರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಲೆಕ್ಕ ಬೇರೆ: ಆ ನಲವತ್ತು ಮಂದಿಯಲ್ಲಿ 39 ಮಂದಿ ಪದವಿ ಪಡೆದರು. ಓಟ ನಿಂತ ಮೇಲೂ ಬದುಕಿದೆ ಎಂದು ಅವರು ಮೊದಲ ದಿನದಿಂದ ತಿಳಿದಿದ್ದರು. ಓಟಕ್ಕೆ ಹಣ ಇಲ್ಲದ ಕಾಲ. ಆ ಹುಡುಗಿಯರಿಗೆ ಅನ್ನ ಕೊಟ್ಟದ್ದು ಪದವಿ. ವಿಲ್ಮಾ ಓದು ಮುಗಿಸಿ ತನ್ನ ಊರು ಕ್ಲಾರ್ಕ್ಸ್‌ವಿಲ್‌ನಲ್ಲೇ ಟೀಚರ್ ಆದಳು.

1994 ಈ ಬಳಗಕ್ಕೆ ಭಾರವಾದ ವರ್ಷ. ಟೆಂಪಲ್ ನಿವೃತ್ತರಾದರು; ನವೆಂಬರ್ 12ರಂದು ವಿಲ್ಮಾ ತೀರಿಕೊಂಡಳು, ಐವತ್ತನಾಲ್ಕರ ವಯಸ್ಸಿನಲ್ಲಿ. ಮೇಷ್ಟ್ರು 2016ರವರೆಗೆ ಬದುಕಿದ್ದರು. ಅವರು ಬಿಟ್ಟ ಜಾಗಕ್ಕೆ ಬಂದವಳು ಅವರದೇ ಶಿಷ್ಯೆ ಚಾಂಡ್ರಾ ಚೀಸ್‌ಬರೊ. 1984ರ ಲಾಸ್ ಏಂಜಲಿಸ್‌ನಲ್ಲಿ 400 ಮೀಟರ್ ಬೆಳ್ಳಿ ಗೆದ್ದು, ಆಮೇಲೆ ಒಂದೇ ದಿನ 4x100 ಮತ್ತು 4x400 ಎರಡೂ ರಿಲೇಗಳಲ್ಲಿ ಓಡಿ ಎರಡರಲ್ಲೂ ಚಿನ್ನ ತಂದವಳು. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡೂ ರಿಲೇ ಗೆದ್ದ ಮೊದಲ ಮಹಿಳೆ. ಟೆಂಪಲ್ ಹೆಸರನ್ನೇ ಇಟ್ಟಿರುವ ಟ್ರ್ಯಾಕಿನಲ್ಲಿ ನಿಂತು ಆಕೆ ಮುಂದಿನ ತಲೆಮಾರಿನ ಹುಡುಗಿಯರಿಗೆ ಓಟ ಕಲಿಸಿದಳು.