ಪ್ರಾಸ್ಟೇಟ್ ಶಸ್ತ್ರಕ್ರಿಯೆ: ಬೆಳಿಗ್ಗೆ ಆಸ್ಪತ್ರೆಗೆ, ಸಂಜೆ ಮನೆಗೆ

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಅಕ್ರೋಟು ಗಾತ್ರದ ಗ್ರಂಥಿ. ಇದರಲ್ಲಿ ಕಾಣಿಸಿಕೊಂಡ ಕ್ಯಾನ್ಸರ್ ಗ್ರಂಥಿಯ ಎಲ್ಲೆಯೊಳಗೇ ಇದ್ದಾಗ, ಇಡೀ ಗ್ರಂಥಿಯನ್ನು ತೆಗೆದುಹಾಕುವುದು ಪ್ರಮುಖ ಚಿಕಿತ್ಸೆಗಳಲ್ಲೊಂದು. (ವಯಸ್ಸಾದಂತೆ ಗ್ರಂಥಿ ದೊಡ್ಡದಾಗುವುದು ಬೇರೆಯೇ ತೊಂದರೆ, ಎರಡನ್ನೂ ಒಂದೆಂದು ಭಾವಿಸಿ ಗಾಬರಿಗೊಳ್ಳುವವರು ನಮ್ಮಲ್ಲಿ ಅನೇಕರು.)

ಹಿಂದೆ ಇದಕ್ಕಾಗಿ ಕೆಳಹೊಟ್ಟೆಯನ್ನು ಸೀಳಬೇಕಿತ್ತು, ರಕ್ತಸ್ರಾವವೂ ಹೆಚ್ಚು. ಲೈಂಗಿಕ ಶಕ್ತಿಗೆ ಆಧಾರವಾದ ನರಗಳನ್ನು ಉಳಿಸಿಕೊಳ್ಳುವ ವಿಧಾನವನ್ನು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಡಾ. ಪ್ಯಾಟ್ರಿಕ್ ವಾಲ್ಷ್ 1982ರಲ್ಲಿ ಆರಂಭಿಸಿದರು. 2000ದಲ್ಲಿ 'ಡ ವಿಂಚಿ' ರೊಬೊಟ್ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ಪ್ರಾಸ್ಟೇಟ್ ಶಸ್ತ್ರಕ್ರಿಯೆಗೆ ವ್ಯವಸ್ಥಿತವಾಗಿ ಅಳವಡಿಸಿದವರಲ್ಲಿ ಪ್ರಮುಖರು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ, ಭಾರತ ಮೂಲದ ಡಾ. ಮಣಿ ಮೆನನ್. ಹೆಸರು ರೊಬೊಟ್ ಆದರೂ ಅದು ತಾನಾಗಿ ಏನನ್ನೂ ಮಾಡದು; ಪಕ್ಕದಲ್ಲಿ ಕುಳಿತ ವೈದ್ಯರ ಕೈಚಲನೆಯನ್ನು ಸೂಕ್ಷ್ಮ ಉಪಕರಣಗಳಿಗೆ ದಾಟಿಸುತ್ತದೆ, ಅಷ್ಟೆ.

ಐದಾರು ಸಣ್ಣ ರಂಧ್ರಗಳಲ್ಲೇ ಕೆಲಸ ಮುಗಿಯುವುದಾದರೆ ರೋಗಿ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿರುವುದೇಕೆ? ನೋವು, ವಾಂತಿ, ಮಂದಗೊಂಡ ಕರುಳು, ರಕ್ತಸ್ರಾವದ ಭಯ: ಇವೇ ಕಾರಣಗಳು. ಇವನ್ನು ಒಂದೊಂದಾಗಿ ಕಡಿಮೆ ಮಾಡುವುದೇ ಅದೇ ದಿನ ಮನೆಗೆ ಕಳುಹಿಸುವ ಪದ್ಧತಿಯ ತಿರುಳು. ಇದರ ಬೇರು 1990ರ ದಶಕದಲ್ಲಿ ಡೆನ್ಮಾರ್ಕಿನ ಡಾ. ಹೆನ್ರಿಕ್ ಕೆಹ್ಲೆಟ್ ಕರುಳಿನ ಶಸ್ತ್ರಕ್ರಿಯೆಗಾಗಿ ರೂಪಿಸಿದ ಕ್ರಮದಲ್ಲಿದೆ. ಮುನ್ನಾದಿನದಿಂದ ಉಪವಾಸ ಕೆಡವದೆ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ನೀರು ಕುಡಿಯಲು ಬಿಡುವುದು, ಹೊಟ್ಟೆಯ ಗೋಡೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅಫೀಮು ವರ್ಗದ ನೋವುನಿವಾರಕಗಳನ್ನು ತಗ್ಗಿಸುವುದು, ಅನಗತ್ಯ ಕೊಳವೆ ಇಡದಿರುವುದು, ಕೆಲವೇ ಗಂಟೆಗಳಲ್ಲಿ ಎಬ್ಬಿಸಿ ನಡೆಸುವುದು ಇವೆಲ್ಲ ಆ ಕ್ರಮದ ಭಾಗಗಳು. 2018ರಲ್ಲಿ ಒಂದೇ ರಂಧ್ರದ ಯಂತ್ರಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2020ರ ಕೊರೊನಾ ಕಾಲದಲ್ಲಿ ಹಾಸಿಗೆಗಳ ಅಭಾವವೂ ಸೋಂಕಿನ ಭಯವೂ ಈ ಪದ್ಧತಿಗೆ ವೇಗ ಕೊಟ್ಟವು.

ಇದು ಎಲ್ಲರಿಗೂ ಸಲ್ಲುವುದಿಲ್ಲ. ಹೃದಯ, ಶ್ವಾಸಕೋಶಗಳ ಗಂಭೀರ ತೊಂದರೆಯಿರುವವರು ಹಾಗೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಆಸ್ಪತ್ರೆಯಲ್ಲೇ ಉಳಿಯುವುದು ಲೇಸು. ಮೂತ್ರದ ಕ್ಯಾಥೆಟರ್ ಸುಮಾರು ಒಂದು ವಾರ ಇರುತ್ತದೆ. ಚೀಲ ಖಾಲಿ ಮಾಡುವುದನ್ನು ರೋಗಿಗೂ ಮನೆಯವರಿಗೂ ಶಸ್ತ್ರಕ್ರಿಯೆಗೆ ಮೊದಲೇ ಕಲಿಸಬೇಕು. ಮನೆಯ ಹೊರೆಯೆಲ್ಲ ಹೆಂಡತಿಯ ಮೇಲೆ ಬೀಳುವುದೆಂಬುದನ್ನು ಡಾಕ್ಟರರಿಗಿಂತ ಮೊದಲು ನಾವು ನೆನೆಯಬೇಕು. ಮೂತ್ರ ಇಳಿಯದಿರುವುದು, ಜ್ವರ, ನಿಲ್ಲದ ವಾಂತಿ, ಮೀನಖಂಡದ ಬಾವು, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬಾರದು.

ವಿಮೆಯ ಮಾತನ್ನೂ ಹೇಳಬೇಕು. ಇಪ್ಪತ್ತನಾಲ್ಕು ಗಂಟೆ ದಾಖಲಾಗದಿದ್ದರೆ ಹಣ ಬಾರದೆಂದು ಹಲವರು ಹೆಚ್ಚಿನ ದಿನ ಮಲಗಿರಲು ಬಯಸುತ್ತಾರೆ. ತಂತ್ರಜ್ಞಾನದ ಪ್ರಗತಿಯಿಂದ ಅದಕ್ಕಿಂತ ಬೇಗ ಮುಗಿಯುವ ಶಸ್ತ್ರಕ್ರಿಯೆಗಳನ್ನು 'ಡೇ ಕೇರ್' ಎಂದು ಪರಿಗಣಿಸಲು ಅವಕಾಶವಿದೆ. ರೊಬೊಟ್ ಶಸ್ತ್ರಕ್ರಿಯೆಯನ್ನು ಪಾಲಿಸಿಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಸೂಚಿಸಿದೆಯಾದರೂ ಕಂಪನಿಗಳು ಮೊತ್ತಕ್ಕೆ ಮಿತಿ ಹಾಕಬಹುದು. ಆ ಮಿತಿಯನ್ನು ದಾಖಲಾಗುವ ಮುನ್ನವೇ ಲಿಖಿತವಾಗಿ ಕೇಳಿಕೊಳ್ಳಿ. ಊರಿನಿಂದ ಚಿಕಿತ್ಸೆಗೆಂದು ಬರುವ ಬಂಧುಗಳಿದ್ದರೆ, ಮೊದಲ ಕೆಲವು ರಾತ್ರಿ ಆಸ್ಪತ್ರೆಗೆ ಹತ್ತಿರದ ಮನೆಯಲ್ಲೇ ಅವರನ್ನು ಇರಿಸಿಕೊಳ್ಳಿ.